ಔಷಧಿ ಬರೆಯುವ ಮುನ್ನ ನಾನು ಕೇಳುವ ಪ್ರಶ್ನೆ

‘ಡಾಕ್ಟ್ರೇ, ನಾನು ಡ್ರಗ್ಸ್ ತಗೋತೀನಿ’ ಅಂತ ಹೇಳಿಕೊಂಡು ಕ್ಲಿನಿಕ್ಕಿಗೆ ಬರುವವರು ತೀರಾ ವಿರಳ. ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತೆ, ಮೂತ್ರ ಉರಿ, ಪಾದ ಜೋಮು ಅಂತ ಬರುತ್ತಾರೆ. ವೇಷಭೂಷಣ ನೋಡಿ ಯಾರು ತಗೊಳ್ಳುತ್ತಾರೆಂದು ಊಹಿಸಲು ಆಗುವುದಿಲ್ಲ. ಹಾಗಾಗಿ ವಯಸ್ಕರೆಲ್ಲರನ್ನೂ ಕೇಳುತ್ತೇನೆ.

ಮೊದಲು ಕಾರಣ ಹೇಳುತ್ತೇನೆ: ‘ನಾನು ಬರೆಯುವ ಔಷಧಿ ಬೇರೆ ಯಾವುದರ ಜೊತೆಗೂ ಸೇರಿ ತೊಂದರೆ ಮಾಡಬಾರದು, ಅದಕ್ಕೆ ಕೇಳ್ತಿದ್ದೀನಿ.’ ಆಮೇಲೆ ಪ್ರಶ್ನೆ: ‘ಕಳೆದ ಒಂದು ವರ್ಷದಲ್ಲಿ ಮೋಜಿಗೆ ಅಂತ ಏನಾದರೂ ಎಷ್ಟು ಸಲ ತಗೊಂಡಿದ್ದೀರಿ?’ ಕೇಳಿದ ಮೇಲೆ ಸುಮ್ಮನಿರುತ್ತೇನೆ. ಆ ಮೌನವನ್ನು ನಾವೇ ತುಂಬಿಬಿಟ್ಟರೆ ಉತ್ತರ ಬರುವುದಿಲ್ಲ.

ಉತ್ತರ ಸಿಕ್ಕರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಪದೇ ಪದೇ ಮೂತ್ರಕ್ಕೆ ಓಡುವ ಯುವಕ, ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಸೋಂಕಿಲ್ಲ, ಆ್ಯಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ ಎಂದರೆ ಕೆಟಮಿನ್ (ನಶೆಗೂ ಬಳಸುವ ಅರಿವಳಿಕೆ ಔಷಧಿ) ಬಗ್ಗೆ ಹೆಸರು ಹಿಡಿದೇ ಕೇಳುತ್ತೇನೆ; ಅದು ಮೂತ್ರಕೋಶದ ಒಳಪದರವನ್ನೇ ಹಾಳುಮಾಡುತ್ತದೆ, ಬೇಗ ಬಿಟ್ಟರೆ ಚೇತರಿಕೆಗೆ ಅವಕಾಶ ಹೆಚ್ಚು. ಜೋಮು ಹಿಡಿದ ಕಾಲುಗಳ ಹಿಂದೆ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಇರಬಹುದು. ಅದು ನರಗಳಿಗೆ ಬೇಕಾದ ವಿಟಮಿನ್ ಬಿ12 ಅನ್ನು ನಿಷ್ಕ್ರಿಯಗೊಳಿಸುತ್ತದೆ, ಆದರೆ ರಕ್ತದಲ್ಲಿ ಬಿ12 ಮಟ್ಟ ಸರಿಯಿದ್ದಂತೆ ಕಾಣಬಹುದು. ಬಿ12 ಕೆಲಸ ಮಾಡದಿದ್ದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್‌ನ ಪರೀಕ್ಷೆ ಮಾಡಿಸದೆ ಬಿಡಬಾರದು ಎನ್ನುವುದು ನನ್ನ ಪಟ್ಟು. ಬಿಟ್ಟು ಬಿಟ್ಟು ವಾಂತಿ ಮಾಡುವವರಿಗೆ ‘ಬಿಸಿನೀರು ಸುರಿದುಕೊಂಡರೆ ಹಾಯೆನಿಸುತ್ತಾ?’ ಅಂತ ಕೇಳಿದರೆ, ಕೆಲವರು ಬೆರಗಾಗಿ ನೋಡುತ್ತಾರೆ. ವರ್ಷಗಟ್ಟಲೆ ಗಾಂಜಾ ಸೇದಿದವರಲ್ಲಿ ಬರುವ ವಾಂತಿಯ ಗುರುತು ಅದು.

ಖಿನ್ನತೆಯ ಮಾತ್ರೆ ಬರೆಯುವಾಗ ಎಂಡಿಎಂಎ (ಎಕ್ಸ್‌ಟಸಿ), ಸಿಲ್ಡೆನಾಫಿಲ್ (ವಯಾಗ್ರ) ಬರೆಯುವಾಗ ಪಾಪರ್ಸ್ (ಮೂಸುವ ನೈಟ್ರೈಟ್ ದ್ರವ): ಇವೆರಡನ್ನು ತಪ್ಪಿಸದೆ ಕೇಳುತ್ತೇನೆ. ಎರಡನೆಯ ಜೋಡಿ ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಹೌದು ಎಂದವರಿಗೆಲ್ಲ ವ್ಯಸನವಿರುವುದಿಲ್ಲ. ಬಳಕೆಯ ಅಪಾಯ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ‘ಅಸಿಸ್ಟ್’ ಪ್ರಶ್ನಾವಳಿಯಲ್ಲಿ ಯಾವುದೇ ಮಾದಕವಸ್ತುವಿಗೆ 4ರಿಂದ 26 ಅಂಕ ಬಂದರೆ ಅಲ್ಲೇ ಕೂತು ಮಾತಾಡುತ್ತೇನೆ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರ ಬಳಿ ಕಳಿಸುತ್ತೇನೆ.

ರೋಗಿಗೆ ತಿಳಿಸದೆ ಮೂತ್ರದಲ್ಲಿ ಡ್ರಗ್ಸ್ ಪರೀಕ್ಷೆ ಮಾಡಿಸುವುದಿಲ್ಲ. ಅದು ಅನ್ಯಾಯ. ಮೇಲಾಗಿ ಉಪಯೋಗವೂ ಕಡಿಮೆ: ಕೊಕೇನ್ ಕುರುಹು ಸಾಮಾನ್ಯವಾಗಿ ಎರಡು ಮೂರು ದಿನ ಉಳಿಯುತ್ತದೆ, ನೈಟ್ರಸ್ ಆಕ್ಸೈಡ್ ಮಾಮೂಲಿ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಬಿಡಲು ಇನ್ನೂ ಮನಸ್ಸಿಲ್ಲದವರಿಗೆ ಉಪದೇಶ ಮಾಡುವುದಿಲ್ಲ. ಒಬ್ಬರೇ ಇದ್ದಾಗ ತಗೊಳ್ಳಬೇಡಿ, ಮದ್ಯದ ಜೊತೆಗೋ ನಿದ್ದೆಮಾತ್ರೆ ಜೊತೆಗೋ ಬೆರೆಸಬೇಡಿ, ಎದೆನೋವು ಬಂದರೆ ತಗೊಂಡಿದ್ದನ್ನು ಆಸ್ಪತ್ರೆಯವರಿಗೆ ಮುಚ್ಚಿಡಬೇಡಿ ಎಂದು ಹೇಳಿ, ಮುಂದಿನ ಭೇಟಿಯ ದಿನಾಂಕ ಬರೆದುಕೊಡುತ್ತೇನೆ.