ಆಷಾಢದಲ್ಲಿ ಲಾಂಚ್ ಮಾಡಿದ ಅಡಿಕೆ ಮಂಡಿ ಆ್ಯಪ್: ನನ್ನ ಅನುಭವ

ಶಿವಮೊಗ್ಗದಲ್ಲಿ ಕೂತು ಅಡಿಕೆ ಮಂಡಿಗಳಿಗೆ ಲೆಕ್ಕದ ಆ್ಯಪ್ ಮಾಡುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕರು. ಅದನ್ನ ಆಷಾಢದಲ್ಲಿ ಲಾಂಚ್ ಮಾಡುತ್ತೇನೆ ಅಂದಾಗ ನಮ್ಮ ಟೀಮೇ ನಕ್ಕಿತು. ಈಗ 120–130 ಮಂಡಿಗಳು ದುಡ್ಡು ಕೊಟ್ಟು ಬಳಸುತ್ತಿವೆ. ಎರಡನೇ ವರ್ಷ ಕೈಬಿಟ್ಟವರು ಏಳೆಂಟು ಜನ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಸಾಫ್ಟ್‌ವೇರ್ ಟೀಮುಗಳು ಕೆಲಸ ಹಂಚಿಕೊಂಡು ನಡೆಸೋ ರೀತಿ ಎಲ್ಲ ಕಡೆ ಇದ್ದದ್ದೇ, ಬಿಡಿ. ನಾವು ಐದು ಜನ. ಆಂಡ್ರಾಯ್ಡ್‌ಗೆ ಇಬ್ಬರು ಹುಡುಗರು, ಸರ್ವರ್ ನೋಡಿಕೊಳ್ಳಲು ಒಬ್ಬಳು, ನಾನು, ಮತ್ತು ಒಬ್ಬರು ಟೆಸ್ಟರ್. ಈ ಟೆಸ್ಟರ್ ವಿಷಯಕ್ಕೇ ಮೊದಲ ಜಗಳ ಆಗಿದ್ದು. ನಾನು ಇಟ್ಟುಕೊಂಡದ್ದು ಮಂಡಿಯಲ್ಲಿ 20–25 ವರ್ಷ ಖಾತೆ ಬರೆದ ಗುಮಾಸ್ತರನ್ನ. ಆ್ಯಪಿನ ತಪ್ಪನ್ನ ಕಂಪ್ಯೂಟರಲ್ಲಿ ದಾಖಲಿಸೋಕೆ (ಬಗ್ ಟಿಕೆಟ್) ಅವರಿಗೆ ಬರುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಿದ್ದರು. ಸಂಬಳವೂ ಹುಡುಗರಿಗಿಂತ ಒಂಚೂರು ಜಾಸ್ತಿಯೇ. "ಇವರಿಗೆ ಯಾಕೆ ಸಾರ್ ಇಷ್ಟು?" ಅಂತ ಒಬ್ಬ ಮುಖಕ್ಕೇ ಕೇಳಿದ.

ಮೂರನೇ ವಾರಕ್ಕೆ ಉತ್ತರ ಸಿಕ್ಕಿತು. ಮಂಡಿಯವರು ಬೆಳೆಗಾರರಿಗೆ ಕೊಡೋ ಮುಂಗಡದ ಬಡ್ಡಿ ಲೆಕ್ಕ ಸರಿಯಾಗಿದೆ, ಕೋಡ್ ತನ್ನನ್ನೇ ಪರೀಕ್ಷಿಸಿಕೊಳ್ಳೋ ಯೂನಿಟ್ ಟೆಸ್ಟ್ ಎಲ್ಲ ಹಸಿರು, ಅಂದರೆ ಪಾಸು ಅಂತ ಹುಡುಗರು ಕುಣಿಯುತ್ತಿದ್ದರು. ಗುಮಾಸ್ತರು ಒಂದು ಹಳೇ ಖಾತೆ ತೆಗೆದರು. 50,000 ಮುಂಗಡ, ತಿಂಗಳಿಗೆ ನೂರಕ್ಕೆ ಒಂದೂವರೆ, ಜೂನ್ 10ರಿಂದ ನವೆಂಬರ್ 25. ಆ್ಯಪ್ ಹೇಳಿದ್ದು 4,200. ಅವರ ಪುಸ್ತಕದಲ್ಲಿ 4,125. "ಎಪ್ಪತ್ತೈದು ರೂಪಾಯಿ ಯಾರಪ್ಪಂದು ಮಾರಾಯ?" ಅಂದರು. ಆ್ಯಪ್ ದಿನ ಎಣಿಸಿತ್ತು, 168. ಆ ಮಂಡಿಯವರು ತಿಂಗಳಿಗೆ ಮೂವತ್ತೇ ದಿನ ಹಿಡಿದು ಐದೂವರೆ ತಿಂಗಳು ಅಂತ ಲೆಕ್ಕ ಹಾಕಿದ್ದರು. ಪಕ್ಕದ ಮಂಡಿಯಲ್ಲಿ ಕೇಳಿದರೆ ಅವರು ದಿನವನ್ನೇ ಎಣಿಸುತ್ತಾರೆ. ಇನ್ನೊಬ್ಬರು ಹದಿನೈದು ದಿನದೊಳಗೆ ತೀರಿಸಿದರೆ ಬಡ್ಡಿಯನ್ನೇ ಹಿಡಿಯುವುದಿಲ್ಲ. ಆ್ಯಪ್ ಏನೇನು ಮಾಡಬೇಕು ಅಂತ ಮೊದಲೇ ಬರೆದಿಡೋ ಯಾವ ಡಾಕ್ಯುಮೆಂಟಲ್ಲಿ ಇದನ್ನ ಬರೆದಿರುತ್ತಾರೆ ಹೇಳಿ? ಬಡ್ಡಿ ನಿಯಮವನ್ನ ಕೋಡಿಂದ ಹೊರಗೆ ತೆಗೆದು ಪ್ರತಿ ಮಂಡಿಗೂ ಸೆಟ್ಟಿಂಗ್ ಮಾಡಿದೆವು. ಸಂಬಳದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಇನ್ನು ಆಷಾಢ. ಮಂಡಿಯವರು ಹೊಸ ಖಾತೆ ಪುಸ್ತಕ ಇಡೋದು ದೀಪಾವಳಿ ಲಕ್ಷ್ಮೀಪೂಜೆಗೆ. ಎಲ್ಲರೂ ಅಂದದ್ದು ಅಂದೇ ಲಾಂಚ್ ಮಾಡಿ ಅಂತ. ನನಗೆ ಅದು ಹುಚ್ಚು ಅನ್ನಿಸಿತು. ದೀಪಾವಳಿ ದಾಟಿದರೆ ಕೊಯ್ಲು ಜೋರು, ಅಡಿಕೆ ಬರೋ ಹೊತ್ತು. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ದರ್ಜೆಯ ಅಡಿಕೆ, ಲಾಟ್ ಮೇಲೆ ಲಾಟ್. ಆಗ ಗುಮಾಸ್ತರಿಗೆ ಕಾಫಿ ಕುಡಿಯೋಕೂ ಪುರುಸೊತ್ತಿಲ್ಲ, ಹೊಸ ಆ್ಯಪ್ ಎಲ್ಲಿ ಕಲಿಯುತ್ತಾರೆ? ಮಳೆಗಾಲದಲ್ಲಿ ಆವಕ ಕಮ್ಮಿ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋಕೆ, ಮಕ್ಕಳ ಫೀಸಿಗೆ ಅಂತ ಬೆಳೆಗಾರರು ಮುಂಗಡ ತಗೊಳ್ಳೋದು ಅದೇ ಹೊತ್ತಿಗೆ. ಮುಂಗಡ ಆಗಲೇ ಆ್ಯಪಿಗೆ ಹತ್ತಿದರೆ, ಅಡಿಕೆ ಬರೋ ಹೊತ್ತಿಗೆ ಪ್ರತಿ ಬೆಳೆಗಾರನ ಬಾಕಿ ತಯಾರಿರುತ್ತದೆ. ಪಟ್ಟಿ, ಅಂದರೆ ಬೆಳೆಗಾರನಿಗೆ ಕೊಡೋ ಲೆಕ್ಕದ ಚೀಟಿ, ಒಂದು ಬಟನ್ನಿನ ಕೆಲಸ. ನನ್ನ ಪ್ಲಾನ್ ಇಷ್ಟೇ.

"ಆಷಾಢದಲ್ಲಿ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರಾ?" ಅಂತ ಮಂಡಿಯವರೇ ಹಿಂಜರಿದರು. ಹಾಗಾದರೆ ಪುಸ್ತಕ ನಿಲ್ಲಿಸಬೇಡಿ, ಎರಡೂ ನಡೆಯಲಿ, ಪುಸ್ತಕದ ಮೊತ್ತ ಆ್ಯಪಿನ ಮೊತ್ತ ಒಂದೇ ಬರೋವರೆಗೆ ಪೂಜೆ ಮಾಡಬೇಡಿ ಅಂದೆ. ಒಪ್ಪಿದರು. ಆದರೆ ಪುಕ್ಕಟೆ ಕೊಡಲಿಲ್ಲ. ವರ್ಷಕ್ಕೆ 6,000, ಅದರಲ್ಲಿ 2,000 ಮುಂಚೆಯೇ. ದುಡ್ಡು ಕೊಟ್ಟವರು ಫೋನ್ ಮಾಡಿ ಬೈಯುತ್ತಾರೆ. ಪುಕ್ಕಟೆ ತಗೊಂಡವರು ಸುಮ್ನೆ ಡಿಲೀಟ್ ಮಾಡುತ್ತಾರೆ. ನನಗೆ ಬೈಯೋರು ಬೇಕಿತ್ತು. ಮೊದಲ ಮಳೆಗಾಲದಲ್ಲಿ ಸಿಕ್ಕಿದ್ದು 11–12 ಅಂಗಡಿ.

ಖರ್ಚು ಕೇಳಬೇಡಿ ಅಂದರೂ ಕೇಳುತ್ತೀರಿ. ತಿಂಗಳಿಗೆ ಸಂಬಳವೇ ಹತ್ತಿರ ಹತ್ತಿರ ಎರಡು ಲಕ್ಷ. ಲಾಂಚ್ ಹೊತ್ತಿಗೆ 22–23 ಲಕ್ಷ ಹೋಗಿತ್ತು, ಅದರಲ್ಲಿ ಐದು ಲಕ್ಷ ಚಿನ್ನದ ಮೇಲಿನ ಸಾಲ. ಎಸ್ಸೆಮ್ಮೆಸ್ಸಿಗೆ ಸುರಿದದ್ದು ಈಗಲೂ ಹೊಟ್ಟೆ ಉರಿಸುತ್ತದೆ. ಇಂಗ್ಲಿಷಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70, ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಒಬ್ಬ ಬೆಳೆಗಾರನಿಗೆ ಒಂದು ಪಟ್ಟಿ ಕಳಿಸಿದರೆ ಮೂರು ಮೆಸೇಜಿನ ದುಡ್ಡು. ಮೊದಲೇ ಅನುಮತಿ ಪಡೆದ ಮೆಸೇಜಿನ ನಮೂನೆಯಲ್ಲಿ (ಟೆಂಪ್ಲೇಟ್) ಒಂದು ಪದ ಬದಲಿಸಿದರೆ ಮತ್ತೆ ಅನುಮತಿಗೆ ಕಾಯಬೇಕು. ಕೊನೆಗೆ ಅದನ್ನ ಕಿತ್ತು ಹಾಕಿದೆವು. ಈಗ ಪಟ್ಟಿಯ ಪಿಡಿಎಫ್ ಮಂಡಿಯವರ ಫೋನಿಂದಲೇ ವಾಟ್ಸಾಪಿಗೆ ಹೋಗುತ್ತದೆ, ನಮಗೆ ಕಾಸಿನ ಖರ್ಚಿಲ್ಲ.

ಪ್ರಿಂಟರ್ ಕಥೆಯೂ ಹಾಗೇ. ಅಂಗಡಿಗಳಲ್ಲಿರೋ ಅಗ್ಗದ ಥರ್ಮಲ್ ಪ್ರಿಂಟರಿಗೆ ಕನ್ನಡ ಬರುವುದಿಲ್ಲ. ಟೆಕ್ಸ್ಟ್ ಕಳಿಸಿದರೆ ಚೌಕಗಳು, ಪ್ರಶ್ನೆ ಚಿಹ್ನೆಗಳು. ಚೀಟಿಯನ್ನ ಫೋನಲ್ಲೇ ಚಿತ್ರವಾಗಿ ಬರೆದು ಕಳಿಸಬೇಕು, ಎರಡಿಂಚಿನದಕ್ಕೆ 384 ಚುಕ್ಕಿ ಅಗಲ, ಮೂರಿಂಚಿನದಕ್ಕೆ 576. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಉದ್ದದ ಪಟ್ಟಿ ಅರ್ಧಕ್ಕೇ ನಿಂತು, ಹೆಸರು ಬಂದು ಮೊತ್ತ ಬರದೆ ಇರೋದು. ಬೆಳೆಗಾರ ಆ ಚೀಟಿ ಹಿಡಿದು ಗುಮಾಸ್ತರ ಮುಖ ನೋಡುತ್ತಾನೆ. ಚಿತ್ರವನ್ನ ತುಂಡು ಮಾಡಿ, ಮಧ್ಯೆ ಸ್ವಲ್ಪ ತಡೆದು ಕಳಿಸಿದರೆ ಸರಿಹೋಗುತ್ತದೆ. ತುಂಡು ಎಷ್ಟುದ್ದ, ತಡೆ ಎಷ್ಟು ಅನ್ನೋದನ್ನ ಇಲ್ಲಿ ಬರೆಯಲ್ಲ, ಕ್ಷಮಿಸಿ. ಅದಕ್ಕೆ ಒಂದೂವರೆ ತಿಂಗಳು ಮತ್ತು ರಾಶಿ ಪೇಪರ್ ರೋಲು ಸುಟ್ಟಿದ್ದೇವೆ. ಒಂದೇ ಊರಿನ ನಾಲ್ಕು ಮಂಜಪ್ಪಂದಿರ ಖಾತೆ ಬೆರೆಯದ ಹಾಗೆ ಹೇಗೆ ಹುಡುಕುತ್ತೇವೆ ಅನ್ನೋದೂ ಹಾಗೇ ಇರಲಿ.

ನಡುವೆ ಒಂದು ಹುಚ್ಚು ಹಿಡಿದಿತ್ತು. ಹಮಾಲರು ತೂಕ ಕೂಗುತ್ತಾರಲ್ಲ, ಅದನ್ನ ಫೋನ್ ಕೇಳಿಸಿಕೊಂಡು ಬರೆದುಕೊಂಡರೆ? ಆಫೀಸಲ್ಲಿ ಚೆನ್ನಾಗಿ ನಡೆಯಿತು. ಯಾರ್ಡಿನಲ್ಲಿ ಲಾರಿ ಹಾರ್ನಿನ ಮಧ್ಯೆ "ಅರವತ್ತೈದು" ಅಂದರೆ ಒಮ್ಮೆ ಅರವತ್ತು, ಒಮ್ಮೆ ಐದು. ಬಿಟ್ಟೆವು. ತೂಕದ ಯಂತ್ರಕ್ಕೆ ಬ್ಲೂಟೂತ್ ಕೂರಿಸಿದ್ದು ಮಾತ್ರ ಎರಡು ಅಂಗಡಿಯಲ್ಲಿ ಇನ್ನೂ ಓಡುತ್ತಿದೆ. ಆದರೆ ಯಂತ್ರಕ್ಕೊಂದು ಥರದ ವೈರು, ನಮ್ಮ ಟೀಮಿಗೆ ಅದು ಹೊರೆ.

ಅಪ್‌ಡೇಟ್ ಬಿಡೋದು ಮಂಗಳವಾರ ರಾತ್ರಿ, ಮೊದಲು ಹತ್ತು ಪರ್ಸೆಂಟ್ ಜನರಿಗೆ. ಬುಧವಾರ ಬೆಳಿಗ್ಗೆ ಟೀಮಿನ ಒಬ್ಬರು ಯಾವುದಾದರೂ ಮಂಡಿಯ ಗದ್ದಿಗೆ ಪಕ್ಕ ಕೂತಿರಲೇಬೇಕು, ಲ್ಯಾಪ್‌ಟಾಪ್ ಒಯ್ಯುವಂತಿಲ್ಲ. ಮೊದಮೊದಲು ಹುಡುಗರಿಗೆ ಇದು ಶಿಕ್ಷೆ ಅನ್ನಿಸಿತ್ತು. ಈಗ ಚನ್ನಗಿರಿ ಸರದಿ ಬಂದರೆ ಊಟ ಚೆನ್ನಾಗಿರುತ್ತೆ ಅಂತ ಪೈಪೋಟಿ.

ಈ ಮಳೆಗಾಲಕ್ಕೆ ತೀರ್ಥಹಳ್ಳಿ, ಸಾಗರದ ಕಡೆ ಹೊರಟಿದ್ದೇವೆ. ಚಿನ್ನ ಬಿಡಿಸಿಕೊಂಡಾಗಿದೆ. ಐಫೋನಿಗೆ ಯಾವಾಗ ಅಂತ ಇಬ್ಬರು ಸಾಹುಕಾರರು ಕೇಳುತ್ತಿದ್ದಾರೆ. ಹತ್ತು ಜನ ಮುಂಗಡ ಕೊಡಲಿ, ಆಮೇಲೆ ನೋಡೋಣ ಅಂದಿದ್ದೇನೆ.