ಬಿಸಾಕಿ ಅಂದ ಕ್ಯಾಲಿಪರ್ ಇನ್ನೂ ಓಡುತ್ತಿದೆ

ಮೊನ್ನೆ ಕಾರಿನ ಮುಂದಿನ ಬಲಗಡೆ ಚಕ್ರ ಬಿಚ್ಚಿ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಬ್ರೇಕ್ ಹಿಡಿಸುವ ಭಾಗ ನೋಡಿದೆ. ಪ್ಯಾಡ್ ಎರಡೂ ಸಮವಾಗಿ ಸವೆದಿವೆ, ಪ್ಯಾಡ್ ತಳ್ಳುವ ಪಿಸ್ಟನ್ ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಧೂಳು ತಡೆಯುವ ರಬ್ಬರ್ ಡಸ್ಟ್ ಬೂಟ್ ಒಣಗಿಲ್ಲ. ನಾನೇ ಬಿಚ್ಚಿ ಜೋಡಿಸಿದ ಮೇಲೆ ಮೂವತ್ತು ಸಾವಿರ ಕಿಲೋಮೀಟರ್ ಮೇಲೇ ಆಗಿದೆ. "ಸೀಲ್ ಕಿಟ್ ಹಾಕಿದ್ರೆ ಎರಡು ತಿಂಗಳು, ಆಮೇಲೆ ಮತ್ತೆ ಜಾಮ್. ಸುಮ್ನೆ ಹೊಸದು ಹಾಕ್ಸಿ ಸಾರ್" ಅಂದಿದ್ದ ಮೆಕ್ಯಾನಿಕ್‌ಗೆ ಫೋಟೋ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಿಟ್ (ಒಳಗಿನ ರಬ್ಬರ್ ಭಾಗಗಳ ಸೆಟ್) ಹಾಕಿದ ಕ್ಯಾಲಿಪರ್ ಮತ್ತೆ ಜಾಮ್ ಆಗುತ್ತದೆ, ನನ್ನದೂ ಆಯಿತು. ಎರಡು ತಿಂಗಳು ಕೂಡ ಬರಲಿಲ್ಲ, ನಾಲ್ಕೇ ದಿನ. ಯಾಕೆ ಅಂತ ತಿಳಿಯಲು ಒಟ್ಟು ನಾಲ್ಕು ಭಾನುವಾರ ಹೋದವು.

ಶುರುವಾಗಿದ್ದು ವಾಸನೆಯಿಂದ. ಕಾರು ನಿಲ್ಲಿಸಿ ಇಳಿದಾಗ ಬಲಗಡೆ ಸುಟ್ಟ ವಾಸನೆ, ಆ ಚಕ್ರದ ಮೇಲೆ ಮಾತ್ರ ಕಪ್ಪು ಪುಡಿ ಜಾಸ್ತಿ. ಹನ್ನೆರಡು ಕಿಲೋಮೀಟರ್ ಓಡಿಸಿ ಬಂದು ತಾಪ ನೋಡುವ ಗನ್ ಹಿಡಿದರೆ ಎಡ ಡಿಸ್ಕ್ 70 ಡಿಗ್ರಿ ಆಸುಪಾಸು, ಬಲದ್ದು 150. ಮೈಲೇಜ್ ಕೂಡ ಲೀಟರಿಗೆ ಒಂದೂವರೆ ಕಿಲೋಮೀಟರ್ ಬಿದ್ದಿತ್ತು. ಪೆಟ್ರೋಲ್ ಸರಿ ಇಲ್ಲ ಅಂತ ಬಂಕ್ ಬದಲಾಯಿಸಿಕೊಂಡು ಓಡಾಡುತ್ತಿದ್ದೆ ನಾನು!

ಗ್ಯಾರೇಜ್‌ನವರು ಕೇಳಿದ್ದು ಎರಡೂ ಕಡೆ ಹೊಸ ಕ್ಯಾಲಿಪರ್, ಡಿಸ್ಕ್, ಪ್ಯಾಡ್, ಕೂಲಿ. ರೂಪಾಯಿ ಲೆಕ್ಕ ಬೇಡ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಅವರು ಕೇಳಿದ್ದನ್ನು ನೂರು ಅಂತ ಇಟ್ಟುಕೊಳ್ಳಿ, ಉಳಿದದ್ದನ್ನೆಲ್ಲ ಅದರಲ್ಲೇ ಹೇಳುತ್ತೇನೆ.

ಮೊದಲ ಭಾನುವಾರ, ತೊಂದರೆ ಸ್ಲೈಡ್ ಪಿನ್ನೇ (ಕ್ಯಾಲಿಪರ್ ಜಾರಾಡುವ ಕಡ್ಡಿ) ಅಂತ ತೀರ್ಮಾನ ಮಾಡಿಬಿಟ್ಟೆ. ಬಿಚ್ಚಿದೆ, ಒಂದು ಪಿನ್ ನಿಜಕ್ಕೂ ಬಿಗಿ ಇತ್ತು. ಒರೆಸಿ, ಮನೆಯಲ್ಲಿ ಡಬ್ಬಿಗಟ್ಟಲೆ ಇದ್ದ ಬೇರಿಂಗ್ ಗ್ರೀಸ್ ಬಳಿದು ಹಾಕಿದೆ. ಗೊತ್ತಿರುವವರು ಇಲ್ಲೇ ನಗುತ್ತೀರಿ. ತುದಿಯಲ್ಲಿ ರಬ್ಬರ್ ಬುಷ್ ಇರುವ ಪಿನ್ ಅದು. ಆರು ವಾರ ಬಿಟ್ಟು ತೆಗೆದರೆ ಬುಷ್ ಊದಿಕೊಂಡು ರಂಧ್ರದೊಳಗೆ ಬಿರಡೆ ಹಾಕಿದ ಹಾಗೆ ಕೂತಿತ್ತು. ಇದ್ದ ಒಂದು ತೊಂದರೆ ಎರಡಾಯಿತು.

ಆಮೇಲೆ ಬುದ್ಧಿ ಬಂದು ಮೊದಲೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಜಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟೆ. ಚಕ್ರ ಹಿಡಿದುಕೊಂಡಿತು. ಆಗ ಬ್ಲೀಡ್ ನಿಪ್ಪಲ್ (ಕ್ಯಾಲಿಪರ್ ಒಳಗಿನ ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿದೆ. ಅಷ್ಟಕ್ಕೇ ಚಕ್ರ ಬಿಟ್ಟುಕೊಂಡಿದ್ದರೆ ಒತ್ತಡ ಒಳಗೆ ಉಳಿದಿದೆ ಅಂತ, ಅಂದರೆ ಆಯಿಲ್ ತರುವ ಹೋಸ್ ಒಳಗೆ ಮುಚ್ಚಿಕೊಂಡಿರಬೇಕು ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ ನೋಡಬೇಕು. ನನ್ನದರಲ್ಲಿ ನಿಪ್ಪಲ್ ತೆರೆದರೂ ಚಕ್ರ ಅಲ್ಲಾಡಲಿಲ್ಲ. ಪಿನ್‌ಗಳನ್ನು ಹೊರಗೆ ತೆಗೆದು ನೋಡಿದರೂ ಪಿಸ್ಟನ್ ಒಳಗೆ ಹೋಗುತ್ತಿರಲಿಲ್ಲ. ಐದು ನಿಮಿಷದ ಈ ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ಒಂದು ಭಾನುವಾರ, ಒಂದು ಬುಷ್ ಎರಡೂ ಉಳಿಯುತ್ತಿದ್ದವು.

ಎರಡನೇ ಸಲ ಸೋಮಾರಿತನದ ದಾರಿ ಹಿಡಿದೆ. ತಿರುಗಿಸಿ ಒತ್ತುವ ಸಿ ಕ್ಲ್ಯಾಂಪ್ ಹಾಕಿ ಪಿಸ್ಟನ್ ಒಳಗೆ ತಳ್ಳುವುದು, ಪೆಡಲ್ ಒತ್ತಿ ಹೊರಗೆ ತರುವುದು, ಮತ್ತೆ ತಳ್ಳುವುದು. ಹತ್ತು ಹನ್ನೆರಡು ಸಲ ಮಾಡಿದ ಮೇಲೆ ಹಗುರವಾಯಿತು. ಎರಡು ವಾರ ರಾಜನ ಹಾಗೆ ಓಡಾಡಿದೆ. ಮೂರನೇ ವಾರ ಗನ್ ಹಿಡಿದರೆ ಮತ್ತೆ 130.

ಮೂರನೇ ಸಲ ಕಿಟ್ ತಂದೆ. ಒಂದು ಚೌಕ ಅಂಚಿನ ಸೀಲ್, ಒಂದು ಡಸ್ಟ್ ಬೂಟ್, ಪಿನ್ ಬೂಟ್‌ಗಳು. ನಮ್ಮ ನೂರರ ಲೆಕ್ಕದಲ್ಲಿ ಇದು ಬರೀ ನಾಲ್ಕು. ಇಷ್ಟು ಕಡಿಮೆಗೆ ಆಗುವುದಾದರೆ ಯಾರೂ ಯಾಕೆ ಮಾಡಲ್ಲ ಅಂತ ಭಾವ ಕೇಳಿದರು. ಅವರು ಕೇಳಿದ್ದು ಸರಿಯೇ ಇತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಿಸ್ಟನ್ ಹೊರಗೆ ತೆಗೆಯಲು ಕಂಪ್ರೆಸರ್ ಗಾಳಿ ಕೊಟ್ಟೆ. ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಢಮ್ ಅಂತ ಹಾರಿ ಎದುರಿಗಿಟ್ಟ ಮರದ ತುಂಡಿನಲ್ಲಿ ಅರ್ಧಚಂದ್ರದ ಗುರುತು ಬಿತ್ತು. ಅಲ್ಲಿ ನನ್ನ ಬೆರಳು ಇದ್ದಿದ್ದರೆ ಇದನ್ನು ಟೈಪ್ ಮಾಡುವುದು ಇನ್ನೂ ನಿಧಾನವಾಗುತ್ತಿತ್ತು. ಅವತ್ತಿಂದ ಗಾಳಿಗೆ ಕೈ ಹಾಕಿಲ್ಲ. ಹೋಸ್ ಕಳಚುವ ಮೊದಲೇ ಪೆಡಲ್ ಒತ್ತಿ ನಿಧಾನ ಹೊರಗೆ ತರುವುದು, ಕೆಳಗೆ ಒಂದು ಬೋಗುಣಿ ಇಡುವುದು, ಅಷ್ಟೇ.

ನಿಪ್ಪಲ್ ಮುರಿದದ್ದೂ ಅವತ್ತೇ. ಓಪನ್ ಸ್ಪ್ಯಾನರ್ ಹಾಕಿ ಎಳೆದರೆ ಅದು ಮುರಿಯದೆ ಇನ್ನೇನು ಮಾಡುತ್ತದೆ. ಈಗ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು, ಆರು ಮೂಲೆಯ ಸಾಕೆಟ್‌ನಲ್ಲಿ ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದು ಕೂದಲಷ್ಟು ತಿರುಗಿಸಿ ಆಮೇಲೆ ಸಡಿಲಿಸುತ್ತೇನೆ. ಆಮೇಲೆ ಒಂದೂ ಮುರಿದಿಲ್ಲ.

ಹೊಸ ಸೀಲ್ ಕೂರಿಸಿ ಪಿಸ್ಟನ್ ತಳ್ಳಿದರೆ ಎರಡೂ ಕೈ ಹಾಕಿದರೂ ಹೋಗಲಿಲ್ಲ. ಹೊಸ ಸೀಲ್ ಅಲ್ವಾ, ಬಿಗಿ ಇರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಕ್ಲ್ಯಾಂಪ್ ಹಾಕಿ ಒತ್ತಿದೆ. ನಾಲ್ಕನೇ ದಿನ ಅದೇ ವಾಸನೆ. ಸಂಜೆ ಮನೆಯವಳು "ಕಿಟ್‌ನಲ್ಲಿ ವಾಸನೆನೂ ಸೇರಿಸಿ ಕೊಟ್ಟಿದ್ದಾರಾ?" ಅಂದಳು.

ಆ ವಾರ ಪೂರ್ತಿ ಹಳೆ ಸೀಲ್ ಕೈಯಲ್ಲಿ ಹಿಡಿದುಕೊಂಡು ಯೋಚನೆ ಮಾಡಿದೆ. ಪಿಸ್ಟನ್ ಹಿಂದಕ್ಕೆ ಬರಲು ಸ್ಪ್ರಿಂಗ್ ಏನೂ ಇಲ್ಲ. ಒತ್ತಿದಾಗ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಹಿಂದಿನ ಆಕಾರಕ್ಕೆ ಬರುತ್ತಾ ಪಿಸ್ಟನ್ ಅನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ. ತಿರುಚಿಕೊಳ್ಳಲು ಅದಕ್ಕೆ, ಅದು ಕೂರುವ ಕಾಲುವೆಯಲ್ಲಿ ಜಾಗ ಬೇಕು. ಕಾಲುವೆಯ ತಳದಲ್ಲಿ ತುಕ್ಕು ಗಟ್ಟಿ ಕೂತರೆ ಸೀಲ್ ಪಿಸ್ಟನ್ ಕಡೆಗೆ ಉಬ್ಬುತ್ತದೆ, ಅದನ್ನು ಹಿಡಿದುಕೊಳ್ಳುತ್ತದೆ. ಹೊಸ ಸೀಲ್ ಹಾಕಿದರೂ ಉಬ್ಬುವುದು ಉಬ್ಬುತ್ತದೆ. ನಾನು ಕಾಲುವೆಯನ್ನು ಬಟ್ಟೆಯಲ್ಲಿ ಒರೆಸಿದ್ದೆ, ನೋಡಲು ನುಣ್ಣಗೆ ಕಂಡಿತ್ತು. ಅದೇ ಮೋಸ. ತಳದಲ್ಲಿದ್ದ ಪದರ ಕಬ್ಬಿಣದ ಬಣ್ಣವೇ ಆಗಿಬಿಟ್ಟಿತ್ತು.

ನಾಲ್ಕನೇ ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಲುವೆ ಒಂದನ್ನೇ ಕೆರೆದೆ. ಸ್ಕ್ರೂಡ್ರೈವರ್ ಹಾಕಬೇಡಿ, ಅಂಚಿಗೆ ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ತಂತಿ ಬ್ರಷ್ ಮೂಲೆಗೆ ಹೋಗುವುದಿಲ್ಲ. ನಾನು ಒಂದು ಹಳೆಯ ಸಾಮಾನನ್ನು ಬಗ್ಗಿಸಿ, ತುದಿ ಚೌಕ ಉಜ್ಜಿ ಒಂದು ಕೆರೆಯುವ ಸಾಧನ ಮಾಡಿಕೊಂಡೆ. ಯಾವ ಸಾಮಾನು ಅಂತ ಹೇಳಲ್ಲ, ನಾಲ್ಕು ಭಾನುವಾರಕ್ಕೆ ಅಷ್ಟಾದರೂ ನನ್ನ ಹತ್ತಿರ ಇರಲಿ. ಉದುರಿದ ಪುಡಿ ಕಾಲು ಚಮಚದಷ್ಟಿತ್ತು. ಡಸ್ಟ್ ಬೂಟ್ ಕೂರುವ ಕಾಲುವೆಯಲ್ಲಿ ಅದಕ್ಕಿಂತ ಜಾಸ್ತಿ.

ಪಿಸ್ಟನ್ ಮೇಲೆ ತುಕ್ಕಿನ ಒಂದು ಉಂಗುರ ಇತ್ತು, ಪುಣ್ಯಕ್ಕೆ ಬೂಟ್ ಕೂರುವ ತುದಿಯಲ್ಲಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡರೆ ಆ ಪಿಸ್ಟನ್ ಬೇಡ, ಎಮರಿ ಪೇಪರ್ ಹಾಕಿ ನುಣುಪು ಮಾಡಿದರೆ ಮೇಲಿನ ಕ್ರೋಮ್ ಹೋಗುತ್ತದೆ ಅಷ್ಟೆ. ಭಾವನ ಕಾರಿನಲ್ಲಿ ಹಾಗೇ ಆಗಿತ್ತು, ಪಿಸ್ಟನ್ ಹೊಸದೇ ತರಬೇಕಾಯಿತು. ಹೌದು, ಆಮೇಲೆ ಅವರೂ ನನ್ನ ಹತ್ತಿರವೇ ಬಂದರು. ಇದುವರೆಗೆ ನನ್ನದು ಬಿಟ್ಟು ಮೂರು ಕಾರು ಮಾಡಿದ್ದೇನೆ.

ಹೊಸ ಸೀಲಿಗೆ ಬ್ರೇಕ್ ಆಯಿಲ್ ಸವರಿ ಕೂರಿಸಿದೆ, ಪಿಸ್ಟನ್ ಇಟ್ಟು ಅಂಗೈಯಲ್ಲಿ ಒತ್ತಿದೆ. ಸರಕ್ಕನೆ ಒಳಗೆ ಹೋಯಿತು. ನಂಬಿಕೆ ಬರದೆ ಮತ್ತೆ ತೆಗೆದು ಮತ್ತೆ ಒತ್ತಿದೆ. ನನ್ನ ಅಳತೆ ಈಗ ಇದೊಂದೇ: ಕೈಯಲ್ಲಿ ಹೋಗಬೇಕು. ಕ್ಲ್ಯಾಂಪ್ ಬೇಕು ಅನಿಸಿದರೆ ಕಾಲುವೆ ಇನ್ನೂ ಸ್ವಚ್ಛ ಆಗಿಲ್ಲ ಅಂತ.

ಮಧ್ಯದಲ್ಲಿ ಗ್ರೀಸ್ ಬಗ್ಗೆ ಒಂದು ಹುಚ್ಚು ಪ್ರಯೋಗ ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಹಳೆ ಸೀಲನ್ನು ನಾಲ್ಕು ತುಂಡು ಮಾಡಿ ನಾಲ್ಕು ಬಾಟಲಿ ಮುಚ್ಚಳದಲ್ಲಿ ಹಾಕಿದೆ. ಒಂದರಲ್ಲಿ ಬೇರಿಂಗ್ ಗ್ರೀಸ್, ಒಂದರಲ್ಲಿ ಇಂಜಿನ್ ಆಯಿಲ್, ಒಂದರಲ್ಲಿ ಬ್ರೇಕ್ ಆಯಿಲ್, ಇನ್ನೊಂದರಲ್ಲಿ ಸಿಲಿಕೋನ್ ಗ್ರೀಸ್. ಹತ್ತು ದಿನ ಬಿಟ್ಟು ದಪ್ಪ ಅಳೆಯಲು ವರ್ನಿಯರ್ ಹಿಡಿದೆ. ಇಂಜಿನ್ ಆಯಿಲ್‌ನಲ್ಲಿದ್ದ ತುಂಡು ಕಣ್ಣಿಗೇ ಕಾಣುವಷ್ಟು ದಪ್ಪ ಆಗಿ ಮೆತ್ತಗಾಗಿತ್ತು, ಬೇರಿಂಗ್ ಗ್ರೀಸ್‌ನದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಉಳಿದ ಎರಡು ಹೆಚ್ಚುಕಡಿಮೆ ಹಾಗೇ ಇದ್ದವು. ಪಿನ್‌ಗೆ ಸಿಲಿಕೋನ್ ಗ್ರೀಸ್ ಬಿಟ್ಟರೆ ಬೇರೆ ಬೇಡ ಅಂತ ಎಷ್ಟು ಕಡೆ ಓದಿದ್ದರೂ, ಮುಚ್ಚಳದಲ್ಲಿ ಊದಿದ್ದು ನೋಡಿದ ಮೇಲೆಯೇ ತಲೆಗೆ ಹೋಗಿದ್ದು. ಮುಚ್ಚಳಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಕ್ಕೆ ಬೈಸಿಕೊಂಡಿದ್ದು ಬೇರೆ.

ಬ್ಲೀಡಿಂಗ್‌ನಲ್ಲಿ (ಪೈಪಿನೊಳಗಿನ ಗಾಳಿ ಹೊರಗೆ ತೆಗೆಯುವ ಕೆಲಸ) ಇಷ್ಟು ಕಷ್ಟ ಬೀಳುತ್ತೇನೆ ಅಂದುಕೊಂಡಿರಲಿಲ್ಲ. ಮಗಳು ಸೀಟಿನಲ್ಲಿ ಕೂತು "ಒತ್ತಲಾ ಅಪ್ಪಾ? ಬಿಡಲಾ?" ಅನ್ನುತ್ತಿದ್ದಳು, ನಾನು ಕೆಳಗೆ. ಮಾತಾಡುತ್ತಾ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿ ಆಗಿದ್ದು ಇಬ್ಬರೂ ನೋಡಲಿಲ್ಲ. ಮತ್ತೆ ಗಾಳಿ ಎಳೆದುಕೊಂಡಿತು, ಪೆಡಲ್ ಸ್ಪಂಜಿನ ಹಾಗೆ. ನಾಲ್ಕೂ ಚಕ್ರ ಮೊದಲಿನಿಂದ. ಅವಸರದಲ್ಲಿ ಫೆಂಡರ್ ಮೇಲೆ ಬಿದ್ದ ಆಯಿಲ್ ಒರೆಸಲು ಮರೆತೆ, ಬೆಳಿಗ್ಗೆ ಅಂಗೈ ಅಗಲ ಪೇಂಟ್ ಸುಕ್ಕುಗಟ್ಟಿತ್ತು. ಒಂದು ಮಾತು: ಹಳೆ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ಅರ್ಧದವರೆಗೆ ಮಾತ್ರ ಹೋಗುವ ಪೆಡಲ್ ನೆಲ ಮುಟ್ಟಿದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯಬಹುದು. ಆಮೇಲೆ ಅದರ ಕಥೆ ಬೇರೆ ಬರೆಯಬೇಕಾಗುತ್ತದೆ.

ಅರ್ಧ ಉಳಿದ ಆಯಿಲ್ ಬಾಟಲಿಯನ್ನು ನಾನು ಮುಂದಿನ ಸಲಕ್ಕೆ ಎತ್ತಿಡುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಗಾಳಿಯಿಂದ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಿಸ್ಕ್ 150 ತೋರಿಸಿದ್ದು ನೆನಪಾದರೆ ಬಾಟಲಿ ಉಳಿಸುವ ಆಸೆ ತಾನಾಗಿ ಹೋಗುತ್ತದೆ.

ಲೆಕ್ಕಕ್ಕೆ ಬರುತ್ತೇನೆ. ಕಿಟ್ ಎರಡು ಸಲ, ಎಂಟು. ಸಿಲಿಕೋನ್ ಗ್ರೀಸ್ ಎರಡು. ಬ್ರೇಕ್ ಆಯಿಲ್ ಮೂರು ಬಾಟಲಿ, ಆರು. ನಿಪ್ಪಲ್ ಒಂದು. ಪ್ಯಾಡ್ ಹನ್ನೆರಡು. ಪೇಂಟ್‌ಗೆ ಆರು, ಅದು ಪೂರ್ತಿ ನನ್ನ ತಪ್ಪು. ಒಟ್ಟು ಮೂವತ್ತೈದು. ಮೊದಲೇ ಸರಿ ಮಾಡಿದ್ದರೆ ಇಪ್ಪತ್ತರಲ್ಲಿ ಮುಗಿಯುತ್ತಿತ್ತು. ಡಿಸ್ಕ್ ದಪ್ಪ ಅಳೆದೆ, ಕನಿಷ್ಠಕ್ಕಿಂತ ಒಂದು ಮಿಲಿಮೀಟರ್ ಮೇಲಿತ್ತು, ಬದಲಾಯಿಸಲಿಲ್ಲ. ಸಾಧನಗಳನ್ನು ಸೇರಿಸಿಲ್ಲ, ಸ್ಟ್ಯಾಂಡ್ ಮತ್ತು ಟಾರ್ಕ್ ರೆಂಚ್ ಮೊದಲೇ ಇದ್ದವು. ನನ್ನ ಕೂಲಿ ಸೇರಿಸಿ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಖಾಲಿ ರಸ್ತೆಯಲ್ಲಿ 30ರ ವೇಗದಿಂದ ನ್ಯೂಟ್ರಲ್‌ಗೆ ಹಾಕಿ ಬಿಟ್ಟು, ಕಾರು ತಾನಾಗಿ ನಿಲ್ಲುವವರೆಗಿನ ದೂರವನ್ನು ಹೆಜ್ಜೆಯಲ್ಲಿ ಅಳೆದಿದ್ದೆ. ಜಾಮ್ ಇದ್ದಾಗ 170 ಹೆಜ್ಜೆ ಚಿಲ್ಲರೆ, ಆಮೇಲೆ 300ರ ಹತ್ತಿರ. ಗನ್ ಇಲ್ಲದವರು ಇದನ್ನೇ ಮಾಡಬಹುದು, ಕಾಲು ನೋವು ಮಾತ್ರ ಖರ್ಚು.

ಒಳಗೇ ಹ್ಯಾಂಡ್‌ಬ್ರೇಕ್ ಇರುವ ಹಿಂದಿನ ಕ್ಯಾಲಿಪರ್‌ಗೆ ಇದೆಲ್ಲ ನೇರವಾಗಿ ಹೊಂದುವುದಿಲ್ಲ, ಅಲ್ಲಿ ಪಿಸ್ಟನ್ ತಿರುಗಿಸಿ ಒಳಗೆ ಕಳಿಸಬೇಕು. ಅದನ್ನು ನಾನು ಇನ್ನೂ ಬಿಚ್ಚಿಲ್ಲ. ಅದಕ್ಕಿಂತ ಮೊದಲು ಮುಂದಿನ ಎಡಗಡೆಯದಿದೆ. ಇಷ್ಟು ದಿನ 70ರಲ್ಲಿ ಇದ್ದದ್ದು ಹೋದ ವಾರ 85 ತೋರಿಸಿತು, ನಿನ್ನೆ 90. ಕಿಟ್ ತಂದು ಇಟ್ಟಿದ್ದೇನೆ.