ಅರೆಗೆತ್ತನೆ ನೋಡಿ ಕೊಳ್ಳುವುದು: ಬಾಲಿ ದ್ವೀಪದ ಮುಖವಾಡಗಳ ಬೆನ್ನುಹತ್ತಿದ ಅನುಭವ

ಬಾಲಿ ದ್ವೀಪದ ಮರದ ಕೆತ್ತನೆಯನ್ನು ಅಂಗಡಿಯ ಕಪಾಟಿನಲ್ಲಿ ನೋಡಿ ಕೊಳ್ಳುವುದಕ್ಕಿಂತ, ಕೆಲಸ ಅರ್ಧಕ್ಕೆ ಬಂದಿರುವಾಗ ಕೆತ್ತುವವನ ಜಗಲಿಯಲ್ಲಿ ಕುಳಿತು ನೋಡಿ ಕೊಳ್ಳುವುದು ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಉಡುಪಿ ಜಿಲ್ಲೆಯವನು. ಹಗುರ ಮರದಲ್ಲಿ ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಕೆತ್ತಿ ಬೇಗಡೆ ಹಚ್ಚುವುದು ನನ್ನ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಕರಕುಶಲ ಅಂಗಡಿಯನ್ನೂ ಇಟ್ಟುಕೊಂಡಿದ್ದೇನೆ. ಆ ಅಂಗಡಿಗೆಂದು ಬಾಲಿಯ ಮುಖವಾಡಗಳನ್ನು ತರಿಸತೊಡಗಿದ ಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಲಿಯ ರಾಜಧಾನಿ ಡೆನ್ಪಸಾರ್‌ನಿಂದ ಕಲೆಗೆ ಹೆಸರಾದ ಉಬುದ್‌ಗೆ ಹೋಗುವ ದಾರಿಯಲ್ಲಿ ಊರಿಗೊಂದು ಕಸುಬು ನೆಲೆಗೊಂಡಿದೆ. ಬಟುಬುಲಾನ್‌ನಲ್ಲಿ ಕಲ್ಲುಕೆತ್ತನೆ, ಚೆಲುಕ್‌ನಲ್ಲಿ ಬೆಳ್ಳಿ ಕೆಲಸ, ಬಟುವಾನ್‌ನಲ್ಲಿ ಚಿತ್ರಕಲೆ, ಮಾಸ್‌ನಲ್ಲಿ ಮರದ ಕೆತ್ತನೆ ಮತ್ತು ಮುಖವಾಡ. ಪೂರ್ವಕ್ಕೆ ಕರಂಗಾಸೆಮ್ ಕಡೆ ಹೋದರೆ ತೆಂಗನಾನ್ ಎಂಬ ಹಳೆಯ ಊರಿನಲ್ಲಿ ಹಾಸು ಮತ್ತು ಹೊಕ್ಕು ಎರಡೂ ನೂಲುಗಳನ್ನು ಮೊದಲೇ ಗಂಟುಕಟ್ಟಿ ಬಣ್ಣ ಹಾಕಿ ನೇಯುವ ಗೆರಿಂಗ್‌ಸಿಂಗ್ ಬಟ್ಟೆ ಸಿಗುತ್ತದೆ. ಗುಜರಾತಿನ ಪಾಟಣದಲ್ಲಿ ಅದೇ ಕ್ರಮದಲ್ಲಿ ನೇಯುವ ಪಟೋಲಾ ಸೀರೆ ಬಲ್ಲವರಿಗೆ ಅದರ ಬೆಲೆ ಯಾಕೆ ಅಷ್ಟು ಎಂದು ವಿವರಿಸಬೇಕಾಗಿಲ್ಲ. ಸುಕಾವತಿಯ ಮಾರುಕಟ್ಟೆ ಮತ್ತು ತೆಗಲ್ಲಲಾಂಗ್ ರಸ್ತೆಯ ಸಗಟು ಅಂಗಡಿಗಳಲ್ಲಿ ಎಲ್ಲ ಊರಿನ ಮಾಲೂ ಒಂದೇ ಕಡೆ ದೊರೆಯುತ್ತದೆಯಾದರೂ ಅಲ್ಲಿ ನಿಮಗೆ ಕಾಣುವುದು ಬಣ್ಣ ಮಾತ್ರ. ಇನ್ನೊಂದು ಮಾತು: ಪ್ರವಾಸಿಗಳನ್ನು ಕರೆತರುವ ಚಾಲಕನಿಗೆ ಅಂಗಡಿಯವರು ಕಮಿಷನ್ ಕೊಡುವ ರೂಢಿ ಅಲ್ಲಿ ಸಾಮಾನ್ಯ, ಅದು ಕೊನೆಗೆ ಬೀಳುವುದು ಕೊಳ್ಳುವವನ ತಲೆಯ ಮೇಲೆಯೇ. ಆದ್ದರಿಂದ ನಾನು ಚಾಲಕನಿಗೆ ದಿನದ ಬಾಡಿಗೆಯನ್ನು ಮೊದಲೇ ನಿಗದಿ ಮಾಡಿ, ಹೋಗಬೇಕಾದ ಮನೆಯನ್ನು ನಾನೇ ಹೇಳುತ್ತೇನೆ.

ಕೊಳ್ಳುವ ಮುಂಚೆ ಕಣ್ಣನ್ನು ಹದಗೊಳಿಸಿಕೊಳ್ಳಬೇಕು. ಮಾಸ್‌ಗೆ ಹತ್ತಿರದಲ್ಲಿರುವ ಸೆತಿಯಾ ಧರ್ಮ ಎಂಬ ಸಂಗ್ರಹಾಲಯದಲ್ಲಿ ಇಂಡೊನೇಷ್ಯಾದ ನಾನಾ ದ್ವೀಪಗಳದ್ದಲ್ಲದೆ ಹೊರದೇಶಗಳದ್ದೂ ಸೇರಿ ಸಾವಿರಕ್ಕೂ ಹೆಚ್ಚು ಮುಖವಾಡಗಳಿವೆ. ಉಬುದ್‌ನ ಪುರಿ ಲುಕಿಸಾನ್ 1956ರಲ್ಲಿ ತೆರೆದ ಸಂಗ್ರಹಾಲಯ; 1936ರಲ್ಲಿ ಹುಟ್ಟಿದ ಪಿತಾ ಮಹಾ ಎಂಬ ಕಲಾವಿದರ ಸಂಘದ ಕಾಲದ ಕೆಲಸವನ್ನು ಅಲ್ಲಿ ನೋಡಬಹುದು. ಪ್ರವಾಸಿಗಳಿಗಾಗಿ ಅವಸರದ ಮಾಲು ತಯಾರಾಗುತ್ತಿದೆ ಎಂಬ ಆತಂಕ ಆ ಸಂಘ ಕಟ್ಟಿದವರಿಗೆ ಆಗಲೇ ಇತ್ತು ಎಂಬುದು ಕಸುಬಿನವನಾದ ನನಗೆ ಒಂದು ರೀತಿಯ ಸಮಾಧಾನ ತರುತ್ತದೆ. ಮಾಸ್‌ನ ಇಡಾ ಬಾಗುಸ್ ನ್ಯಾನಾ ಮತ್ತು ಅವರ ಮಗ ತಿಲೆಮ್ ಕೆತ್ತಿದ ಆಕೃತಿಗಳನ್ನು ಒಮ್ಮೆ ಸಾವಕಾಶವಾಗಿ ನೋಡಿದವರು, ಮರದ ಸಹಜ ಬಾಗನ್ನು ಬಳಸಿಕೊಂಡ ಕೆತ್ತನೆಗೂ ಮರದ ಮೇಲೆ ಬಲವಂತ ಮಾಡಿದ ಕೆತ್ತನೆಗೂ ಇರುವ ಅಂತರವನ್ನು ಮರೆಯಲಾರರು.

ಮಾಸ್‌ನಲ್ಲಿ ಕೆತ್ತುವವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಮರದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಉಳಿ ಕೊಡತಿಗಳಿಂದ ದೊಡ್ಡ ಆಕಾರ ತೆಗೆದು, ಕೊನೆಯ ಕೆಲಸವನ್ನು ಸಣ್ಣ ಚೂರಿಯಲ್ಲಿ ಮುಗಿಸುತ್ತಾರೆ. ನಾನು ಮನೆಯೊಳಗೆ ಹೋಗಿ ನಮಸ್ಕಾರ ಹೇಳಿ, ಹಿರಿಯರಾದರೆ ‘ಪಾಕ್’, ಅಂದರೆ ಅಪ್ಪ ಎಂದೂ ನನ್ನ ವಯಸ್ಸಿನವರಾದರೆ ‘ಬ್ಲಿ’, ಅಂದರೆ ಅಣ್ಣ ಎಂದೂ ಕರೆದು, ಮುಗಿದ ಮಾಲನ್ನು ಕೇಳದೆ ಕೈಯಲ್ಲಿರುವುದನ್ನು ತೋರಿಸಿ ಎನ್ನುತ್ತೇನೆ. ಬಣ್ಣ ಬೀಳುವ ಮೊದಲು ಮುಖವಾಡ ಏನನ್ನೂ ಮುಚ್ಚಿಡುವುದಿಲ್ಲ. ಎರಡು ಕೆನ್ನೆಗಳ ದಪ್ಪ ಒಂದೇ ಸಮ ಇದೆಯೇ, ಮೂಗಿನ ಬುಡದಲ್ಲಿ ಮರದ ಎಳೆಯನ್ನು ಅಡ್ಡ ಕಡಿದಿದ್ದಾರೆಯೇ, ಗಂಟನ್ನು ತಪ್ಪಿಸಿದ್ದಾರೆಯೇ ಅಥವಾ ಮರದ ಪುಡಿಗೆ ಅಂಟು ಬೆರೆಸಿ ತುಂಬಿ ಮರೆಮಾಡಿದ್ದಾರೆಯೇ ಎಂಬುದೆಲ್ಲ ಆಗ ಕಾಣುತ್ತದೆ. ಆಮೇಲೆ ಹಿಂಬದಿ ತಿರುಗಿಸುತ್ತೇನೆ. ಕುಣಿಯುವವನಿಗಾಗಿ ಮಾಡಿದ ಮುಖವಾಡದ ಒಳಭಾಗ ಆಳವಾಗಿ, ಮುಖಕ್ಕೆ ಒಪ್ಪುವಂತೆ ನಯವಾಗಿರುತ್ತದೆ. ಕಣ್ಣಿನ ಸೀಳು ನಿಜವಾಗಿಯೂ ದಾರಿ ಕಾಣಿಸುವಷ್ಟಿರುತ್ತದೆ. ಹಳೆಯ ಕ್ರಮದ್ದಾದರೆ ಹಲ್ಲಿನಲ್ಲಿ ಕಚ್ಚಿಕೊಳ್ಳಲು ಒಳಗೊಂದು ತೊಗಲಿನ ಪಟ್ಟಿ ಇರುತ್ತದೆ. ಗೋಡೆಗೆಂದು ಮಾಡಿದ್ದು ಹಿಂದೆ ಚಪ್ಪಟೆ. ಗೋಡೆಯ ಮುಖವಾಡ ಕೀಳೆಂದು ನಾನು ಹೇಳುತ್ತಿಲ್ಲ, ನನ್ನ ಅಂಗಡಿಯಲ್ಲಿ ಅದೇ ಹೆಚ್ಚು ಖರ್ಚಾಗುತ್ತದೆ. ಆದರೆ ಗೋಡೆಯದ್ದಕ್ಕೆ ಕುಣಿತದ್ದರ ಬೆಲೆ ಕೊಡಲು ನಾನು ಸಿದ್ಧನಿಲ್ಲ.

ಮುಖವಾಡಕ್ಕೆ ಅವರು ಎಲ್ಲಕ್ಕಿಂತ ಮಿಗಿಲೆಂದು ಎಣಿಸುವ ಮರ ಪುಲೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಹಾಲೆ ಮರ, ತುಳುವಿನಲ್ಲಿ ಪಾಲೆ. ಆಟಿ ಅಮಾವಾಸ್ಯೆಯ ಮುಂಜಾನೆ ಕತ್ತಲಲ್ಲಿ ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಅದರ ತೊಗಟೆಯ ಕಷಾಯವನ್ನು ಕುಡಿದು ಬೆಳೆದವನಾದ ನನಗೆ, ಅದೇ ಮರ ಅಲ್ಲಿ ಊರು ಕಾಯುವ ಮೃಗರೂಪದ ದೈವ ಬರೊಂಗ್‌ನ ಮೊಗವಾಗುತ್ತದೆ ಎಂಬುದು ತಿಳಿದ ಮೇಲೆ ಆ ಊರು ಪರಊರೆನಿಸಲಿಲ್ಲ. ಬಿಳಿಯಾದ, ಹಗುರವಾದ, ಚೂರಿಗೆ ಮೆತ್ತಗಿರುವ ಮರವದು. ದೇವಸ್ಥಾನಕ್ಕೆ ಸೇರುವ ಮುಖವಾಡವಾದರೆ ಮರವನ್ನು ಉರುಳಿಸುವುದಿಲ್ಲ. ಒಳ್ಳೆಯ ದಿನ ನೋಡಿ, ಪೂಜೆ ಸಲ್ಲಿಸಿ, ಬದುಕಿರುವ ಮರದಿಂದ ಬೇಕಾದಷ್ಟು ತುಂಡನ್ನು ಮಾತ್ರ ತೆಗೆಯುತ್ತಾರೆ. ಕಾಂಡ ಒಂದೆಡೆ ಉಬ್ಬಿಕೊಂಡಿದ್ದರೆ ಮರ ಬಸುರಾಗಿದೆ ಎನ್ನುತ್ತಾರೆ, ಆ ಉಬ್ಬಿಗೇ ಮೊದಲ ಆದ್ಯತೆ. ಕೆತ್ತಿ ಬಣ್ಣ ಹಾಕಿದ ಮೇಲೆ ಪಾಸುಪತಿ ಎಂಬ ವಿಧಿಯಿಂದ ಅದಕ್ಕೆ ಶಕ್ತಿ ತುಂಬುತ್ತಾರೆ. ಮಾಸ್‌ನಲ್ಲಿ ಹದಿನಾರನೆಯ ಶತಮಾನದ ಪುರೋಹಿತ ನಿರರ್ಥನ ಹೆಸರಿನೊಂದಿಗೆ ಸೇರಿಕೊಂಡಿರುವ ದೇವಸ್ಥಾನದ ಹೆಸರೇ ಪುರಾ ತಮನ್ ಪುಲೆ. ವಿಧಿ ಮುಗಿದ ಮುಖವಾಡವನ್ನು ನಾನು ಕೇಳುವುದಿಲ್ಲ, ಯಾರಾದರೂ ತಾವಾಗಿ ಮಾರಲು ಬಂದರೂ ಕೊಳ್ಳುವುದಿಲ್ಲ. ಭೂತದ ಮೊಗವನ್ನು ಅಂಗಡಿಯಲ್ಲಿ ನೇತುಹಾಕಿದರೆ ನಮ್ಮೂರಿನವರಿಗೆ ಹೇಗಾದೀತೋ ಅದನ್ನು ನೆನೆದರೆ ಸಾಕು.

ಮಾರಾಟದ ಮಾಲಿನಲ್ಲಿ ಪುಲೆಯಲ್ಲದೆ ಪಂಗಲ್ ಬುವಾಯ, ಅಂದರೆ ಮೊಸಳೆಮರ ಎಂದು ಕರೆಯುವ ಬಿಳಿ ಮರವೂ ಹೇರಳ. ಕಾಂಡದ ಮೇಲಿನ ಮುಳ್ಳುಗುಬ್ಬಿಗಳಿಂದ ಆ ಹೆಸರು. ನಮ್ಮ ಕಡೆ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಮರವೇ ಅದು, ಕೊಂಕಣಿಯವರ ತೆಪ್ಪಳ. ದೊಡ್ಡ ವಿಗ್ರಹ, ಬೋಗುಣಿಗಳಿಗೆ ಸುವಾರ್, ನಮ್ಮ ಮಳೆಮರ. ಕಪ್ಪುಮಿಶ್ರಿತ ಸೊನೊಕೆಲಿಂಗ್ ಎಂಬುದು ಬೀಟೆ. 2017ರಿಂದ ಬೀಟೆಯ ಕುಲ ಹೆಚ್ಚುಕಡಿಮೆ ಇಡಿಯಾಗಿ ವನ್ಯಸಂಪತ್ತಿನ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿರುವುದರಿಂದ ಕಾಗದಪತ್ರದ ಉಸಾಬರಿ ಇದೆ, ಹಾಗಾಗಿ ನಾನು ಅದನ್ನು ಮುಟ್ಟುವುದಿಲ್ಲ. ಆಮೆಚಿಪ್ಪು, ಹವಳ, ದಂತಗಳ ಮಾತಂತೂ ದೂರವೇ ಉಳಿಯಲಿ.

ಮರ ಒಣಗಿದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬಾಲಿಯ ಹವೆ ನಮ್ಮ ಕರಾವಳಿಯಂತೆಯೇ ತೇವದ್ದು. ಅಲ್ಲಿ ಬಿರುಕಿಲ್ಲದ ಮುಖವಾಡ ಉಡುಪಿಯಲ್ಲಿಯೂ ಸುಮ್ಮನಿರುತ್ತದೆ, ಆದರೆ ಬಳ್ಳಾರಿಯ ಬೇಸಗೆಗೆ ಹೋದರೆ ಹಣೆಯಿಂದ ಗಲ್ಲದವರೆಗೆ ಬಿರುಕು ಬಿಡುತ್ತದೆ. ತೇವ ಅಳೆಯುವ ಸಣ್ಣ ಯಂತ್ರವನ್ನು ನಾನು ಜೇಬಿನಲ್ಲಿಯೇ ಇಟ್ಟುಕೊಂಡಿರುತ್ತೇನೆ, ಶೇಕಡಾ 12ಕ್ಕಿಂತ ಹೆಚ್ಚು ತೋರಿದ್ದನ್ನು ಒಳನಾಡಿನ ಗಿರಾಕಿಗಳಿಗೆಂದು ಎತ್ತುವುದಿಲ್ಲ. ಕುಟ್ಟೆಹುಳುವಿನ ತೂತುಗಳಿಗಾಗಿ ಹಿಂಬದಿಯನ್ನೂ ಕಿವಿಯ ಸಂದುಗಳನ್ನೂ ಟಾರ್ಚ್ ಹಾಕಿ ನೋಡುತ್ತೇನೆ; ಬಿಳಿ ಮರಗಳಿಗೆ ಆ ಕಾಟ ಹೆಚ್ಚು.

ಬಣ್ಣದ ವಿಚಾರದಲ್ಲಿ ಬೆಲೆಯ ಅಂತರ ನಿಜವಾಗಿ ಹುಟ್ಟುತ್ತದೆ. ಹಳೆಯ ಕ್ರಮದಲ್ಲಿ ಸುಟ್ಟ ಮೂಳೆಯನ್ನು ಅರೆದು ಬಿಳಿಯನ್ನು ಮಾಡಿ, ಅಂಟು ಬೆರೆಸಿ, ಒಂದು ಲೇಪ ಒಣಗಿದ ಮೇಲೆ ಉಜ್ಜಿ ಮತ್ತೊಂದು ಲೇಪ ಹಾಕುತ್ತ ಹೋಗುತ್ತಾರೆ. ಆ ಮೈ ಕೊನೆಗೆ ಒಳಗಿನಿಂದ ಹೊಳೆಯುತ್ತದೆ. ಇಂದು ಮಾರಾಟಕ್ಕಿರುವ ಹೆಚ್ಚಿನವು ಆಕ್ರಿಲಿಕ್ ಬಣ್ಣದವು, ಅದು ಬೇಗ ಒಣಗುತ್ತದೆ, ಉಗುರು ತಾಗಿದರೆ ಸಿಪ್ಪೆ ಏಳುತ್ತದೆ. ನಾನು ಕೆತ್ತನೆಗೆ ಎಷ್ಟು, ಬಣ್ಣಕ್ಕೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳುತ್ತೇನೆ. ಚೌಕಾಸಿ ಮಾಡುವುದಿದ್ದರೆ ಕೆಲಸದ ಮೇಲೆ ಮಾಡುತ್ತೇನೆ: ಕೂದಲು ಬೇಡ, ಚಿನ್ನದ ಬಣ್ಣ ಬೇಡ, ಲೇಪಗಳು ಮಾತ್ರ ಪೂರ್ತಿ ಇರಲಿ ಎಂದರೆ ಅವರಿಗೂ ನಷ್ಟವಿಲ್ಲ, ನನಗೂ ಬೇಕಾದ್ದು ಸಿಗುತ್ತದೆ. ಸುಕಾವತಿ ಮಾರುಕಟ್ಟೆಯಲ್ಲಿ ಹೇಳಿದ ಬೆಲೆಯನ್ನು ಅರ್ಧಕ್ಕೆ ಕೇಳುವುದು ತಪ್ಪಲ್ಲ, ಆದರೆ ಆ ಅಭ್ಯಾಸವನ್ನು ಕೆತ್ತುವವನ ಜಗಲಿಗೆ ತರಬಾರದು. ನಾಲ್ಕು ಜನ ನನ್ನ ಭುಜಕೀರ್ತಿಯನ್ನು ಹಾಗೆ ಕೇಳಿದಾಗ ನನ್ನ ಮುಖ ಹೇಗಾಗುತ್ತದೆಂದು ನನ್ನ ಮನೆಯವರು ಬಲ್ಲರು.

ಕೊಳ್ಳುವ ಕಾಲವನ್ನೂ ನೋಡಿಕೊಳ್ಳಬೇಕು. 210 ದಿನಗಳ ಅವರ ಪಂಚಾಂಗದಲ್ಲಿ ಗಲುಂಗಾನ್ ಬಂದಾಗ ಉಳಿ ಕೆಳಗಿಟ್ಟು ಹಬ್ಬದಲ್ಲಿ ತೊಡಗುತ್ತಾರೆ. ಮೌನದ ದಿನವಾದ ನ್ಯೆಪಿಯಂದು ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ತುಂಪೆಕ್ ಲಂಡೆಪ್ ಎಂಬ ಶನಿವಾರ ಕಬ್ಬಿಣದ ಹತಾರುಗಳಿಗೆ ಪೂಜೆ, ನಮ್ಮ ಆಯುಧಪೂಜೆಯ ಹಾಗೆ ವಾಹನಗಳಿಗೂ. ಆ ದಿನ ಕೆಲಸ ಕೇಳಿಕೊಂಡು ಹೋಗದೆ, ಹೂವು ಹಣ್ಣಿನೊಂದಿಗೆ ಹೋಗುವುದು ಚಂದ. ಆರ್ಡರ್ ಕೊಡುವಾಗ ಅರ್ಧ ಮುಂಗಡ ಕೊಟ್ಟು, ಬಣ್ಣ ಹಾಕುವ ಮೊದಲು ಮುಂದಿನಿಂದಲೂ ಹಿಂದಿನಿಂದಲೂ ಫೋಟೊ ಕಳುಹಿಸಬೇಕೆಂಬ ಒಪ್ಪಂದ ಮಾಡಿಕೊಳ್ಳುತ್ತೇನೆ. ‘ಹಳೆಯದು’ ಎಂದು ತೋರಿಸುವವುಗಳಲ್ಲಿ ಬಹುಪಾಲು ಹೊಗೆ ಹಾಕಿ, ಮಣ್ಣು ತಿಕ್ಕಿ ಹಳತುಮಾಡಿದವು. ನಿಜವಾಗಿ ಹಳೆಯದಾದರೆ ಇಂಡೊನೇಷ್ಯಾದ 2010ರ ಪರಂಪರೆ ಕಾಯ್ದೆಯ ಅನುಮತಿಯ ಪ್ರಶ್ನೆ ಎದ್ದು ಬರುತ್ತದೆ. ಎರಡೂ ನನಗೆ ಬೇಡ.

ಸಣ್ಣ ಪ್ರಮಾಣದ ಮಾಲಾದರೂ ಮಾರಾಟಕ್ಕೆಂದು ತರುವವರಿಗೆ ಆಮದು-ರಫ್ತು ಕೋಡ್ ಬೇಕು, ಮತ್ತು ಮರದ ಪೆಟ್ಟಿಗೆಯಲ್ಲಿ ಕಳುಹಿಸಿದರೆ ಆ ಪೆಟ್ಟಿಗೆಗೆ ಶಾಖ ಅಥವಾ ಹೊಗೆಯ ಉಪಚಾರ ಆಗಿದೆ ಎಂಬ ಮುದ್ರೆ ಇರಲೇಬೇಕು. ಇದನ್ನು ಸರಕು ಏಜೆಂಟರಿಗೆ ಬರವಣಿಗೆಯಲ್ಲಿ ಹೇಳಿಡುತ್ತೇನೆ. ಮೂಗು, ಕಿವಿ, ಹಲ್ಲುಗಳಿಗೆ ಬೇರೆ ಬೇರೆಯಾಗಿ ಬಟ್ಟೆ ಸುತ್ತಿಸುತ್ತೇನೆ, ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮಾಲು ಮನೆಗೆ ಬಂದ ಮೇಲೆ ಕೆಲವು ವಾರ ನೆರಳಿನಲ್ಲಿ ತೆರೆದಿಟ್ಟು, ಬಿರುಕು ಬಿಡುವುದಿದ್ದರೆ ನನ್ನ ಕಣ್ಣೆದುರಿಗೇ ಬಿಡಲಿ ಎಂದು ಕಾದು, ಆಮೇಲೆ ಪ್ರತಿಯೊಂದರ ಹಿಂದೆ ಮರದ ಹೆಸರು, ಊರಿನ ಹೆಸರು, ಬಣ್ಣ ಯಾವ ಬಗೆಯದು, ಕುಣಿಯಲು ಬರುತ್ತದೆಯೋ ಗೋಡೆಗೆ ಮಾತ್ರವೋ ಎಂಬಷ್ಟನ್ನು ಚೀಟಿಯಲ್ಲಿ ಬರೆದು ಅಂಟಿಸಿ ಮಾರಾಟಕ್ಕಿಡುತ್ತೇನೆ.